ಪರ್ವ ಮತ್ತು ಹಬ್ಬ: ಬೆನೆ ಇಸ್ರಾಯೇಲರ ಪಠಣವರ್ಷವನ್ನು ಕುರಿತು ಕೆಲವು ವಿಚಾರಗಳು

೧

ಕನ್ನಡದ ‘ಹಬ್ಬ’ ಎಂಬ ಶಬ್ದವು ಸಂಸ್ಕೃತದ ‘ಪರ್ವ’ದಿಂದ ಬಂದುದೆಂಬ ಸಂಗತಿ ವ್ಯಾಕರಣ ಬಲ್ಲವರಿಗೆ ಹೊಸತಲ್ಲ. ಹಳಗನ್ನಡದ ‘ಪಬ್ಬ’ವೇ ಪಕಾರವು ಹಕಾರವಾಗುವ ನಿಯಮಕ್ಕೆ ಒಳಪಟ್ಟು ‘ಹಬ್ಬ’ವಾಯಿತು. ಪರ್ವವೆಂದರೆ ಮೂಲತಃ ಬಿದಿರಿನ ಅಥವಾ ಕಬ್ಬಿನ ಗೆಣ್ಣು. ಕಾಲದ ಗೆಣ್ಣು ಹಬ್ಬವೆನಿಸಿತು. ಗ್ರಂಥದ ಗೆಣ್ಣು ಆದಿಪರ್ವ, ಸಭಾಪರ್ವ ಎಂಬ ವಿಭಾಗವೆನಿಸಿತು. ವರ್ಷವನ್ನು ವಿಭಜಿಸುವ ಗೆರೆಗೂ ಗ್ರಂಥವನ್ನು ವಿಭಜಿಸುವ ಗೆರೆಗೂ ನಮ್ಮ ಹಿರಿಯರು ಒಂದೇ ಹೆಸರನ್ನು ಇಟ್ಟುಕೊಂಡರೆಂಬುದು ಆಕಸ್ಮಿಕವಾಗಿದ್ದರೂ ವಿಚಾರಕ್ಕೆ ಎಡೆಗೊಡುವ ಸಂಗತಿಯಾಗಿದೆ.

ಈ ಎರಡು ಅರ್ಥಗಳು ಕೇವಲ ಶಬ್ದದಲ್ಲಿ ಮಾತ್ರವಲ್ಲದೆ ಆಚರಣೆಯಲ್ಲಿಯೂ ಪೂರ್ಣವಾಗಿ ಒಂದಾಗಿರುವ ಉದಾಹರಣೆಯನ್ನು ಹುಡುಕಿದರೆ ಯೆಹೂದ್ಯರ ಪಠಣವರ್ಷವು ಮೊದಲು ಕಣ್ಣಿಗೆ ಬೀಳುತ್ತದೆ. ‘ತೋರಾ’ ಎನಿಸಿದ ಐದು ಗ್ರಂಥಗಳನ್ನು ೫೪ ಭಾಗಗಳಾಗಿ ವಿಂಗಡಿಸಿ, ಪ್ರತಿ ಶನಿವಾರ ಬೆಳಿಗ್ಗೆ ಒಂದೊಂದನ್ನು ಸಭೆಯಲ್ಲಿ ಓದಿ, ವರ್ಷಕ್ಕೊಮ್ಮೆ ಮುಗಿಸಿ, ಮುಗಿಸಿದ ದಿನವೇ ಮತ್ತೆ ಮೊದಲಿನಿಂದ ತೊಡಗುವುದು ಅಲ್ಲಿನ ಪದ್ಧತಿ. ಒಂದೊಂದು ಭಾಗಕ್ಕೂ ‘ಪಾರಾಶಾ’ ಎಂದು ಹೆಸರು. ಆ ಶಬ್ದದ ಅರ್ಥವೂ ವಿಭಾಗ ಎಂದೇ.

ಪ್ರಸ್ತುತ ಪ್ರಬಂಧದಲ್ಲಿ ಈ ಪಠಣವರ್ಷವನ್ನು ಅದರ ಸಾಮಾನ್ಯ ರೂಪದಲ್ಲಿ ವಿವರಿಸುವುದು ನಮ್ಮ ಮುಖ್ಯ ಉದ್ದೇಶವಲ್ಲ. ಕೊಂಕಣ ಕರಾವಳಿಯಲ್ಲಿ ಶತಮಾನಗಳ ಕಾಲ ಬಾಳಿ, ಅನಂತರ ಮುಂಬಯಿಗೆ ಬಂದು ನೆಲೆಸಿದ ಬೆನೆ ಇಸ್ರಾಯೇಲರು, ಅಂದರೆ ‘ಇಸ್ರಾಯೇಲನ ಮಕ್ಕಳು’, ಗ್ರಂಥವೇ ಕೈಯಲ್ಲಿಲ್ಲದ ಕಾಲದಲ್ಲಿ ಈ ವರ್ಷವನ್ನು ಹೇಗೆ ಉಳಿಸಿಕೊಂಡರು, ಗ್ರಂಥ ಕೈಗೆ ಬಂದ ಮೇಲೆ ಹಳೆಯ ವರ್ಷಕ್ಕೂ ಹೊಸ ಓದಿಗೂ ಯಾವ ಸಂಬಂಧ ಏರ್ಪಟ್ಟಿತು, ಈ ವೃತ್ತಾಂತವನ್ನು ವಿದ್ವಾಂಸರು ಅರ್ಥೈಸಿದ ರೀತಿ ಎಷ್ಟರಮಟ್ಟಿಗೆ ಸಮಂಜಸ ಎಂಬುದನ್ನು ವಿಮರ್ಶಿಸುವುದು ನಮ್ಮ ಉದ್ದೇಶ. ಇದಕ್ಕೆ ನಾವು ಕುರ್ಲಾವನ್ನು ನೆಲೆಯಾಗಿ ಇರಿಸಿಕೊಂಡಿದ್ದೇವೆ. ಮುಂಬಯಿಯ ಈ ಉಪನಗರದ ಪಶ್ಚಿಮಭಾಗದಲ್ಲಿ ಬೆನೆ ಇಸ್ರಾಯೇಲರ ಪ್ರಾರ್ಥನಾ ಸಭಾಂಗಣವಿದೆ. ರೈಲುಹಳಿಗಳ ಆಚೆ, ಪೂರ್ವಭಾಗದಲ್ಲಿ, ಕರಾವಳಿಯಿಂದ ಬಂದ ತುಳು–ಕನ್ನಡಿಗರ ಬಂಟರ ಸಂಘದ ಭವನವಿದೆ. ಒಂದು ಕಡೆ ವಾರವಾರದ ಓದಿನ ಪರಂಪರೆ, ಇನ್ನೊಂದು ಕಡೆ ತಾಳಮದ್ದಳೆಯ ಪರಂಪರೆ. ಇವೆರಡನ್ನೂ ಒಟ್ಟಿಗೆ ನೋಡುವ ಅವಕಾಶವನ್ನು ಕುರ್ಲಾ ನಮಗೆ ಒದಗಿಸುತ್ತದೆ.

೨

ಮೊದಲು ಪಠಣದ ಕ್ರಮವನ್ನು ಸಂಕ್ಷೇಪವಾಗಿ ಗಮನಿಸಬಹುದು. ತೋರಾವನ್ನು ಅಚ್ಚಿನ ಪುಸ್ತಕದಿಂದ ಸಭೆಯಲ್ಲಿ ಓದುವಂತಿಲ್ಲ. ಚರ್ಮಪತ್ರದ ಮೇಲೆ ಕೈಯಿಂದ ಬರೆದ ಸುರುಳಿಯಿಂದಲೇ ಓದಬೇಕು. ಸಂಪ್ರದಾಯದ ಎಣಿಕೆಯಂತೆ ಅದರಲ್ಲಿ ೩,೦೪,೮೦೫ ಅಕ್ಷರಗಳಿವೆ. ಸುರುಳಿಯಲ್ಲಿ ಸ್ವರಚಿಹ್ನೆಗಳಾಗಲಿ ರಾಗದ ಗುರುತುಗಳಾಗಲಿ ಇರುವುದಿಲ್ಲ. ಓದುವವನು ಅವನ್ನು ಮೊದಲೇ ಕಂಠಸ್ಥ ಮಾಡಿಕೊಂಡಿರಬೇಕು. ತಪ್ಪಿದರೆ ಸಭೆ ಅಲ್ಲಿಯೇ ತಿದ್ದುತ್ತದೆ. ಶನಿವಾರದ ಓದಿಗೆ ಏಳು ಮಂದಿಯನ್ನು ಒಬ್ಬರಾದ ಮೇಲೆ ಒಬ್ಬರನ್ನು ಸುರುಳಿಯ ಬಳಿಗೆ ಕರೆಯಲಾಗುತ್ತದೆ. ಸೋಮವಾರ ಮತ್ತು ಗುರುವಾರಗಳಲ್ಲಿ ಮುಂದಿನ ಶನಿವಾರದ ಭಾಗದ ಆರಂಭವನ್ನಷ್ಟೇ ಓದುತ್ತಾರೆ. ಪಾರಂಪರಿಕ ವಿಧಿಯಂತೆ ಹತ್ತು ಮಂದಿ ವಯಸ್ಕ ಪುರುಷರು ಕೂಡದೆ ಈ ಓದು ನಡೆಯುವಂತಿಲ್ಲ.

ಹಬ್ಬಗಳಿಗೂ ಗ್ರಂಥಗಳಿಗೂ ಇರುವ ಸಂಬಂಧವು ಇನ್ನೂ ನಿಕಟವಾದುದು. ಪೇಸಾಖ್ ಅಥವಾ ಪಸ್ಕ ಹಬ್ಬಕ್ಕೆ ಪರಮಗೀತ, ವಾರಗಳ ಹಬ್ಬಕ್ಕೆ ರೂತಳ ಕಥೆ, ದೇವಾಲಯ ನಾಶವಾದ ಆವ್ ತಿಂಗಳ ಒಂಬತ್ತನೆಯ ದಿನಕ್ಕೆ ಪ್ರಲಾಪಗಳು, ಪರ್ಣಶಾಲೆಗಳ ಹಬ್ಬಕ್ಕೆ ಪ್ರಸಂಗಿ, ಪೂರಿಮ್ ಹಬ್ಬಕ್ಕೆ ಎಸ್ತೇರಳ ಕಥೆ ಎಂದು ನಿಗದಿಯಾಗಿದೆ. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರಿನ ಮಧ್ಯಾಹ್ನ ಯೋನನ ಗ್ರಂಥವನ್ನು ಓದುತ್ತಾರೆ. ಶರತ್ಕಾಲದ ಕೊನೆಯ ಹಬ್ಬದಲ್ಲಿ ಮೋಶೆಯ ಮರಣವನ್ನು ಓದಿ ಮುಗಿಸಿ, ಕೂಡಲೇ ಸೃಷ್ಟಿಯ ಕಥೆಯನ್ನು ಆರಂಭಿಸುತ್ತಾರೆ. ಪೂರ್ವದಲ್ಲಿ ಎರಡು ಬಗೆಯ ಕ್ರಮಗಳಿದ್ದವು. ಬಾಬಿಲೋನಿನವರು ಒಂದು ವರ್ಷದಲ್ಲಿ ಮುಗಿಸುತ್ತಿದ್ದರೆ, ಪ್ಯಾಲೆಸ್ಟೈನಿನವರು ಸುಮಾರು ಮೂರು ವರ್ಷಗಳಲ್ಲಿ ಮುಗಿಸುತ್ತಿದ್ದರು. ೧೨ನೆಯ ಶತಮಾನದ ಯಾತ್ರಿಕ ತುದೇಲಾದ ಬೆಂಜಮಿನನು ಈಜಿಪ್ಟಿನಲ್ಲಿ ಈ ಎರಡೂ ಕ್ರಮಗಳನ್ನು ಅನುಸರಿಸುವ ಸಭೆಗಳನ್ನು ಕಂಡನು. ಕಾಲಕ್ರಮದಲ್ಲಿ ಬಾಬಿಲೋನಿನ ವಾರ್ಷಿಕ ಕ್ರಮವೇ ಎಲ್ಲೆಡೆ ನೆಲೆಗೊಂಡಿತು.

ಕನ್ನಡ ಓದುಗರಿಗೆ ಈ ವಿಧಾನದ ಒಂದು ಅಂಗ ಅಪರಿಚಿತವಲ್ಲ. ಎಜ್ರನು ನೀರುಬಾಗಿಲಿನ ಮುಂದಿನ ಬಯಲಿನಲ್ಲಿ ಜನರೆದುರು ಧರ್ಮಶಾಸ್ತ್ರವನ್ನು ಓದಿಸಿದಾಗ ಓದಿದುದರ ಅರ್ಥವನ್ನೂ ಬಿಡಿಸಿ ಹೇಳಲಾಯಿತೆಂದು ನೆಹೆಮೀಯನ ಗ್ರಂಥ ತಿಳಿಸುತ್ತದೆ. ಹೀಬ್ರೂ ಜನರ ಆಡುನುಡಿಯಾಗಿ ಉಳಿಯದಿದ್ದ ಕಾಲದಲ್ಲಿ, ಓದುವವನ ಪಕ್ಕದಲ್ಲಿ ನಿಂತು ವಾಕ್ಯವಾಕ್ಯವನ್ನೂ ಅರಮಾಯಿಕ ಭಾಷೆಯಲ್ಲಿ ಹೇಳುವ ಒಬ್ಬನನ್ನು ನೇಮಿಸುತ್ತಿದ್ದರು. ಅವನು ಬರಹವನ್ನು ನೋಡಿ ಹೇಳುವಂತಿರಲಿಲ್ಲ, ಬಾಯಿಂದಲೇ ಹೇಳಬೇಕಿತ್ತು. ಮೂಲವು ಬರಹದಿಂದ, ಅರ್ಥವು ಬಾಯಿಂದ ಎಂಬ ಈ ವಿಭಜನೆಯನ್ನು ನಮ್ಮ ಗಮಕಿ ಮತ್ತು ವ್ಯಾಖ್ಯಾನಕಾರರ ಜೋಡಿಯಲ್ಲಿಯೂ ಕಾಣಬಹುದು, ತಾಳಮದ್ದಳೆಯ ಭಾಗವತ ಮತ್ತು ಅರ್ಥಧಾರಿಗಳಲ್ಲಿಯೂ ಕಾಣಬಹುದು. ಪ್ರಸಂಗದ ಪದ್ಯ ಬದಲಾಗದು. ಅರ್ಥ ಪ್ರತಿರಾತ್ರಿಯೂ ಹೊಸತು.

ಇದೇ ಸಂದರ್ಭದಲ್ಲಿ ಅನುವಾದಕರ ಒಂದು ಆಯ್ಕೆಯನ್ನೂ ಸೂಚಿಸಬಹುದು. ಐದು ಗ್ರಂಥಗಳಿಗೆ ಮರಾಠಿಯಲ್ಲಿ ಉತ್ಪತ್ತಿ, ನಿರ್ಗಮ, ಲೇವೀಯ, ಗಣನಾ, ಅನುವಾದ ಎಂಬ ಹೆಸರುಗಳಿವೆ. ಕನ್ನಡ ಸತ್ಯವೇದದಲ್ಲಿ ಅವು ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡಗಳಾಗಿವೆ. ನಾಲ್ಕನೆಯ ಗ್ರಂಥಕ್ಕೆ ಗ್ರೀಕರನ್ನು ಅನುಸರಿಸಿದ ಪಾಶ್ಚಾತ್ಯರು ‘ಸಂಖ್ಯೆಗಳು’ ಎಂಬ ಹೆಸರಿಟ್ಟರು. ಮರಾಠಿಯ ಗಣನಾ ಅದನ್ನೇ ಹೇಳುತ್ತದೆ. ಆದರೆ ಹೀಬ್ರೂವಿನಲ್ಲಿ ಆ ಗ್ರಂಥದ ಹೆಸರಿನ ಅರ್ಥ ‘ಅರಣ್ಯದಲ್ಲಿ’ ಎಂದೇ. ರಾಮಾಯಣದ ಕಾಂಡಗಳನ್ನು ಕೇಳಿದ ಕಿವಿಗೆ ಹೊಂದುವ ಹೆಸರನ್ನು ಆರಿಸಿದ ಕನ್ನಡ ಅನುವಾದವು ಹೀಬ್ರೂ ಹೆಸರಿಗೂ ಹತ್ತಿರ ಬಂದಿದೆ. ನೆರೆಯವರ ಮಾತಿನಲ್ಲಿ ಹೆಸರಿಟ್ಟ ಮಾತ್ರಕ್ಕೆ ಮೂಲದಿಂದ ದೂರ ಸರಿದಂತಾಗುವುದಿಲ್ಲವೆಂಬುದಕ್ಕೆ ಇದೊಂದು ಚಿಕ್ಕ ನಿದರ್ಶನ. ಮುಂದಿನ ಚರ್ಚೆಗೆ ಈ ಅಂಶವು ಅಗತ್ಯವಾದುದು.

೩

ಬೆನೆ ಇಸ್ರಾಯೇಲರ ಪರಂಪರೆಯಂತೆ ಅವರ ಪೂರ್ವಜರು ಕೊಂಕಣದ ನವಗಾಂವ್ ಎಂಬಲ್ಲಿ ಹಡಗು ಒಡೆದು ದಡ ಸೇರಿದ ಏಳು ದಂಪತಿಗಳು. ಗ್ರಂಥಗಳೆಲ್ಲವೂ ಸಮುದ್ರದ ಪಾಲಾದುವು. ಉಳಿದುದು ‘ಶೆಮಾ’ ಎಂಬ ಏಕದೇವತ್ವದ ಘೋಷಣೆ, ಸುನ್ನತಿ, ಆಹಾರದ ಕೆಲವು ನಿಯಮಗಳು ಮತ್ತು ಶನಿವಾರದ ವಿರಾಮ. ಎಣ್ಣೆ ತೆಗೆಯುವ ಕಸುಬಿನಲ್ಲಿದ್ದ ಅವರು ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದುದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಹಡಗಿನ ಕಥೆಯ ಐತಿಹಾಸಿಕತೆ ಏನೇ ಇರಲಿ, ಅವರಲ್ಲಿ ತೋರಾದ ಸುರುಳಿಯಾಗಲಿ ಹೀಬ್ರೂ ಓದುವ ವಿದ್ಯೆಯಾಗಲಿ ಬಹುಕಾಲ ಇರಲಿಲ್ಲವೆಂಬುದು ನಿರ್ವಿವಾದ. ಇಲ್ಲಿ ಪಾರಾಶಾ ಇಲ್ಲ, ಹಬ್ಬವಿದೆ. ಗ್ರಂಥದ ಪರ್ವವಿಲ್ಲ, ಕಾಲದ ಪರ್ವ ಮಾತ್ರವಿದೆ.

ಆ ಹಬ್ಬಗಳ ಹೆಸರುಗಳನ್ನು ನಮಗೆ ಉಳಿಸಿಕೊಟ್ಟವರು ಹಾಯೀಮ್ ಸಾಮ್ಯುಯೆಲ್ ಕೇಹಿಮ್‌ಕರ್. ೧೮೯೭ರಲ್ಲಿ ಅವರು ಬರೆದು ಮುಗಿಸಿದ ಬೆನೆ ಇಸ್ರಾಯೇಲರ ಚರಿತ್ರೆ ೧೯೩೭ರಲ್ಲಿ ಟೆಲ್ ಅವೀವಿನಲ್ಲಿ ಪ್ರಕಟವಾಯಿತು. ಅದರಲ್ಲಿ ದೊರೆಯುವ ಹೆಸರುಗಳಲ್ಲಿ ಮುಖ್ಯವಾದವು ಇವು. ಹೊಸ ವರ್ಷದ ಹಬ್ಬ ‘ನವ್ಯಾಚಾ ಸಣ’. ಅದಾದ ಕೆಲವೇ ದಿನಗಳಲ್ಲಿ ಹೊಸ ಧಾನ್ಯ ಮತ್ತು ತೆಂಗಿನ ಹಾಲಿನ ಖೀರನ್ನು ಮಾಡಿ, ಧೂಪ ಹಾಕಿ, ಶೆಮಾ ಹೇಳಿ ಉಣ್ಣುವ ‘ಖಿರೀಚಾ ಸಣ’. ಪ್ರಾಯಶ್ಚಿತ್ತದ ದಿನವು ‘ದಾರಫಾಳ್ಣೀಚಾ ಸಣ’, ಅಂದರೆ ಬಾಗಿಲು ಮುಚ್ಚುವ ಹಬ್ಬ. ಅದರ ಮರುದಿನ ‘ಶಿಳಾ ಸಣ’, ಅಂದರೆ ತಂಗಳ ಹಬ್ಬ. ಪೂರಿಮ್ ‘ಹೋಳೀಚಾ ಸಣ’. ಪಸ್ಕವು ‘ಅನಾಶಿ ಢಾಕಾಚಾ ಸಣ’, ಅಂದರೆ ಹುಳಿರಸದ ಮಡಕೆಯನ್ನು ಮುಚ್ಚಿಡುವ ಹಬ್ಬ. ಆವ್ ತಿಂಗಳ ಒಂಬತ್ತರ ಉಪವಾಸವು ಮೊಳಕೆ ಬಂದ ಅವರೆಕಾಳಿನ ಅಡಿಗೆಯಿಂದ ಹೆಸರು ಪಡೆದ ‘ಬಿರಡ್ಯಾಚಾ ರೋಜಾ’. ಎಲೂಲ್ ತಿಂಗಳ ಉಪವಾಸಗಳಿಗೆ ‘ರಮಜಾನ್’ ಎಂದೇ ಹೆಸರು.

ಈ ಪಟ್ಟಿಯನ್ನು ಓದಿದ ವಿದ್ವಾಂಸರಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಅಭಿಪ್ರಾಯಗಳಿವೆ. ಮೊದಲನೆಯದರಂತೆ ಇವು ಮರೆವಿನ ಕುರುಹುಗಳು. ಮೂಲದ ಹೆಸರು ಮರೆಯಿತು, ಕಾರಣ ಮರೆಯಿತು, ಅಡಿಗೆ ಮಾತ್ರ ಉಳಿಯಿತು. ಎರಡನೆಯದರಂತೆ ಇವು ಬೆರಕೆಯ ಕುರುಹುಗಳು. ಹಿಂದೂ–ಮುಸಲ್ಮಾನ ನೆರೆಯವರ ಆಚರಣೆಗಳನ್ನು ಎರವಲು ಪಡೆದುದಕ್ಕೆ ಸಾಕ್ಷಿಗಳು. ಎರಡು ಅಭಿಪ್ರಾಯಗಳೂ ಗ್ರಂಥವನ್ನೇ ಮಾನದಂಡವಾಗಿ ಇರಿಸಿಕೊಂಡು, ಅದು ಇಲ್ಲದೆಡೆ ಕೊರತೆಯನ್ನೇ ಕಾಣುತ್ತವೆ. ನಮ್ಮ ಅಭಿಮತವು ಇದಕ್ಕಿಂತ ಭಿನ್ನವಾದುದು. ಈ ಹೆಸರುಗಳಲ್ಲಿ ಕೆಲವಾದರೂ ಮರೆವಿನ ಫಲವಲ್ಲ. ಅವು ಗ್ರಂಥವಿಲ್ಲದವರು ಗ್ರಂಥವನ್ನು ಓದಿದ ರೀತಿ.

೪

ಈ ಅಭಿಮತವನ್ನು ಉದಾಹರಣೆಗಳಿಂದ ಪರೀಕ್ಷಿಸೋಣ. ಪಸ್ಕದ ಮುಖ್ಯ ವಿಧಿಯು ಹುದುಗು ಬಂದ ಆಹಾರವನ್ನು ಮನೆಯಿಂದ ದೂರವಿಡುವುದು. ಅಂತಹ ಆಹಾರಕ್ಕೆ ಹೀಬ್ರೂವಿನಲ್ಲಿರುವ ಹೆಸರು ‘ಹುಳಿ’ ಎಂಬ ಅರ್ಥದ ಧಾತುವಿನಿಂದಲೇ ಬಂದಿದೆ. ಗೋದಿಯ ರೊಟ್ಟಿಯೇ ಇಲ್ಲದ, ಅನ್ನವನ್ನೇ ಉಣ್ಣುವ ಕೊಂಕಣದಲ್ಲಿ ಹುದುಗಿಸಿದ ಹಿಟ್ಟಿನ ನಿಷೇಧಕ್ಕೆ ಹೆಚ್ಚಿನ ಅರ್ಥವಿಲ್ಲ. ಅಲ್ಲಿನ ಮನೆಯಲ್ಲಿ ನಿತ್ಯವೂ ಹುಳಿಯುತ್ತಿದ್ದುದು ವ್ಯಂಜನಕ್ಕಾಗಿ ಇರಿಸಿದ ರಸದ ಮಡಕೆ. ಎಂಟು ದಿನ ಅದರ ಬಾಯಿಯನ್ನು ಮುಚ್ಚಿದವರು ರೊಟ್ಟಿಯನ್ನು ಮರೆತಿದ್ದರು, ನಿಜ. ಆದರೆ ಆಜ್ಞೆಯ ತಿರುಳಾದ ‘ಹುಳಿ’ಯನ್ನು ಮರೆತಿರಲಿಲ್ಲ.

ಪ್ರಾಯಶ್ಚಿತ್ತದ ದಿನದ ಹೆಸರನ್ನೂ ಹೀಗೆಯೇ ನೋಡಬಹುದು. ಅಂದು ಸ್ನಾನ ಮಾಡಿ, ಬಿಳಿಯ ಬಟ್ಟೆಯುಟ್ಟು, ಉಪವಾಸವಿದ್ದು, ಹೊರಗಿನವರ ಸಂಪರ್ಕವಿಲ್ಲದಂತೆ ಬಾಗಿಲು ಮುಚ್ಚಿಕೊಂಡು ಕೂರುತ್ತಿದ್ದರು. ಯೋಮ್ ಕಿಪ್ಪೂರಿನ ಸಂಜೆ ಸಭಾಮಂದಿರಗಳಲ್ಲಿ ನಡೆಯುವ ಕೊನೆಯ ಪ್ರಾರ್ಥನೆಗೆ ‘ನೆಯೀಲಾ’ ಎಂದು ಹೆಸರು. ಅದರ ಅರ್ಥ ಬಾಗಿಲು ಮುಚ್ಚುವಿಕೆ. ಒಂದು ಮತ್ತೊಂದರಿಂದ ಬಂದಿತೆಂದು ಸಾಧಿಸುವ ಆಧಾರ ಇಲ್ಲವಾದುದರಿಂದ ಹಾಗೆ ವಾದಿಸುವುದು ಉಚಿತವಲ್ಲ. ಆದರೆ ಪ್ರಾರ್ಥನಾಗ್ರಂಥವಿದ್ದವರೂ ಇಲ್ಲದವರೂ ಆ ದಿನದ ಅನುಭವಕ್ಕೆ ಒಂದೇ ಪ್ರತಿಮೆಯನ್ನು ಆರಿಸಿಕೊಂಡರೆಂಬುದನ್ನು ವಿಮರ್ಶಕನು ಕಡೆಗಣಿಸಲಾಗದು. ಮರುದಿನದ ತಂಗಳ ಹಬ್ಬಕ್ಕೆ ನಮ್ಮಲ್ಲಿನ ‘ವರ್ಷತೊಡಕು’ ಮತ್ತು ಉತ್ತರ ಕರ್ನಾಟಕದ ‘ಕರಿ’ಯನ್ನು ಹೋಲಿಸಿದರೆ, ದೊಡ್ಡ ದಿನದಿಂದ ಸಾಮಾನ್ಯ ದಿನಕ್ಕೆ ಇಳಿಯಲು ಒಂದು ಮೆಟ್ಟಿಲು ಬೇಕೆಂಬ ತಿಳಿವಳಿಕೆ ಸ್ಪಷ್ಟವಾಗುತ್ತದೆ. ಅಡಿಗೆಯಿಂದ ಹಬ್ಬವನ್ನು ಹೆಸರಿಸುವುದು ಅಜ್ಞಾನವಾಗಿದ್ದರೆ ನಮ್ಮ ಎಳ್ಳಮಾವಾಸ್ಯೆಯನ್ನೂ ಅಜ್ಞಾನವೆನ್ನಬೇಕಾಗುತ್ತದೆ.

‘ಹೋಳೀಚಾ ಸಣ’ ಎಂಬ ಹೆಸರು ಬೆರಕೆಯ ವಾದಕ್ಕೆ ಬಲವಾದ ಸಾಕ್ಷಿಯಾಗಿ ತೋರುತ್ತದೆ. ಆದರೆ ಇಲ್ಲಿ ಪಂಚಾಂಗವನ್ನು ಗಮನಿಸಬೇಕು. ಯೆಹೂದ್ಯರ ವರ್ಷವೂ ನಮ್ಮ ವರ್ಷದಂತೆ ಚಾಂದ್ರಮಾಸಗಳನ್ನು ಸೌರವರ್ಷಕ್ಕೆ ಹೊಂದಿಸಿಕೊಂಡುದು. ಅವರು ೧೯ ವರ್ಷಗಳಲ್ಲಿ ೭ ಅಧಿಕಮಾಸಗಳನ್ನು ಸೇರಿಸುತ್ತಾರೆ. ನಮ್ಮ ಅಧಿಕಮಾಸಗಳೂ ಸರಿಸುಮಾರು ಅಷ್ಟೇ ಬರುತ್ತವೆ. ಸೇರಿಸುವ ನಿಯಮ ಮಾತ್ರ ಬೇರೆಯಾದುದರಿಂದ ಕೆಲವು ವರ್ಷಗಳಲ್ಲಿ ಒಂದು ತಿಂಗಳ ಅಂತರವಾಗುತ್ತದೆ; ಉಳಿದ ವರ್ಷಗಳಲ್ಲಿ ಪೂರಿಮ್ ಫಾಲ್ಗುಣದ ಹುಣ್ಣಿಮೆಗೆ, ಪಸ್ಕವು ಚೈತ್ರದ ಹುಣ್ಣಿಮೆಗೆ, ಹೊಸ ವರ್ಷವು ಆಶ್ವಯುಜ ಶುದ್ಧ ಪಾಡ್ಯಕ್ಕೆ, ಪ್ರಾಯಶ್ಚಿತ್ತದ ದಿನವು ವಿಜಯದಶಮಿಗೆ ಹತ್ತಿರ ಬೀಳುತ್ತವೆ. ೨೦೨೨ರ ಅಕ್ಟೋಬರ್ ೫ ಮತ್ತು ೨೦೨೪ರ ಅಕ್ಟೋಬರ್ ೧೨ರಂದು ವಿಜಯದಶಮಿಯೂ ಯೋಮ್ ಕಿಪ್ಪೂರೂ ಒಂದೇ ದಿನ ಬಂದವು. ೨೦೨೩ರಲ್ಲಿ ಶ್ರಾವಣವು ಅಧಿಕವಾದ ಕಾರಣ ಇವೆರಡರ ನಡುವೆ ತಿಂಗಳ ಅಂತರ ಬಿದ್ದಿತು. ಆದುದರಿಂದ ಕೊಂಕಣದ ಹಳ್ಳಿಯಲ್ಲಿ ಹಲವು ವರ್ಷಗಳಲ್ಲಿ ನೆರೆಯವರು ಆಪಟೆಯ ಎಲೆಯನ್ನು ‘ಬಂಗಾರ’ವೆಂದು ಮನೆಮನೆಗೂ ಹಂಚುವ ದಿನವೇ ಈ ಎಣ್ಣೆಗಾರರ ಮನೆಯ ಬಾಗಿಲು ಮುಚ್ಚಿರುತ್ತಿತ್ತು. ನಮ್ಮಲ್ಲಿ ಬನ್ನಿಯನ್ನು ಕೊಡುವ ದಿನವದು. ಊರೆಲ್ಲವೂ ಬಾಗಿಲು ತೆರೆದಿರುವಾಗ ಬಾಗಿಲು ಮುಚ್ಚುವವರು ನೆರೆಯವರನ್ನು ಅನುಕರಿಸುತ್ತಿದ್ದಾರೆಂದು ಹೇಳಲಾಗದು. ‘ಹೋಳೀಚಾ ಸಣ’ವೆಂಬುದೂ ನಮ್ಮ ದೃಷ್ಟಿಯಲ್ಲಿ ಮೊದಲಿಗೆ ಕಾಲವನ್ನು ಗುರುತಿಸುವ ಹೆಸರು. ಪಂಚಾಂಗವಿಲ್ಲದವರು ಊರಿನ ಹುಣ್ಣಿಮೆಯನ್ನೇ ಗಡಿಯಾರವಾಗಿ ಬಳಸಿಕೊಂಡರು.

ಭಾಷಿಕವಾಗಿ ಇನ್ನೊಂದು ಸಂಗತಿ ಗಮನಾರ್ಹವಾಗಿದೆ. ಹಬ್ಬಗಳಿಗೆ ‘ಸಣ’ ಎಂಬ ಶಬ್ದವೂ ಉಪವಾಸಗಳಿಗೆ ‘ರೋಜಾ’ ಎಂಬ ಶಬ್ದವೂ ಬಳಕೆಯಾಗಿವೆ. ಮೊದಲನೆಯದು ಉತ್ಸವವೆಂಬ ಅರ್ಥದ ಸಂಸ್ಕೃತ ‘ಕ್ಷಣ’ದಿಂದ ಮರಾಠಿಗೆ ಇಳಿದುದು, ಎರಡನೆಯದು ಫಾರಸಿಯಿಂದ ಬಂದುದು. ಪ್ರವಾದಿ ಎಲೀಯನ ಹೆಸರಿನಲ್ಲಿ ಅಲಿಬಾಗದ ಬಳಿಯ ಖಂಡಾಳೆಯಲ್ಲಿ ನಡೆಯುವ ಉತ್ಸವಕ್ಕೆ ‘ಉರುಸು’ ಎಂಬ ಹೆಸರಿದೆ. ದಖ್ಖನಿನ ಸುಲ್ತಾನರ ಕಾಲದಲ್ಲಿ ಫಾರಸಿಯ ಶಬ್ದಗಳು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಧಾರಾಳವಾಗಿ ಸೇರಿದುವು. ಆದುದರಿಂದ ಈ ಹೆಸರುಗಳು ಒಂದೇ ಕಾಲದ ಪದರಿಗೆ ಸೇರಿದವಲ್ಲವೆಂದು ಊಹಿಸಲು ಅವಕಾಶವಿದೆ. ಶಬ್ದವು ಬಂದ ಕಾಲವೇ ಆಚರಣೆಯು ಬಂದ ಕಾಲವೆಂದು ಇದರಿಂದ ಸಿದ್ಧವಾಗುವುದಿಲ್ಲವೆಂಬ ಎಚ್ಚರವೂ ಅಗತ್ಯ.

ಕೇಹಿಮ್‌ಕರರ ಗ್ರಂಥವನ್ನು ಬಳಸುವಾಗಲೂ ಇದೇ ಎಚ್ಚರ ಬೇಕು. ಅವರು ಹೀಬ್ರೂ ಕಲಿತ, ಶಾಲೆ ಕಟ್ಟಿದ, ತಮ್ಮ ಜನರು ನಿಜವಾದ ಯೆಹೂದ್ಯರೆಂದು ಲೋಕಕ್ಕೆ ಮನಗಾಣಿಸಬೇಕೆಂದು ಹೊರಟ ಲೇಖಕರು. ಒಂದೊಂದು ಮರಾಠಿ ಹೆಸರಿಗೂ ಒಂದೊಂದು ಶಾಸ್ತ್ರೋಕ್ತ ಹಬ್ಬವನ್ನು ಹೊಂದಿಸುವ ಅವರ ಪಟ್ಟಿಯಲ್ಲಿ ದಾಖಲೆಯ ಜೊತೆಗೆ ಸಮರ್ಥನೆಯೂ ಸೇರಿದೆ. ಖೀರಿನ ಹಬ್ಬವನ್ನು ಪರ್ಣಶಾಲೆಗಳ ಹಬ್ಬದೊಡನೆ ಸರಿಗೂಡಿಸುವ ಪ್ರಯತ್ನಗಳು ನಮಗೆ ಒಪ್ಪಿಗೆಯಾಗುವುದಿಲ್ಲ. ತುಳುವರ ‘ಪುದ್ವಾರ್’, ಕೊಡವರ ‘ಪುತ್ತರಿ’ಗಳಂತೆ ಅದು ಹೊಸಕ್ಕಿಯ ಹಬ್ಬವೆನ್ನುವುದೇ ಸರಳವಾದ ವಿವರಣೆ. ಎಲ್ಲ ಹೆಸರುಗಳ ಹಿಂದೆಯೂ ಗ್ರಂಥವನ್ನು ಕಾಣುವುದು, ಯಾವ ಹೆಸರಿನ ಹಿಂದೆಯೂ ಗ್ರಂಥವನ್ನು ಕಾಣದಿರುವುದು, ಇವೆರಡೂ ಅತಿರೇಕಗಳೇ.

೫

ಗ್ರಂಥದ ಓದು ಈ ಜನರಿಗೆ ದೊರೆತ ಬಗೆಯಲ್ಲಿ ಕನ್ನಡನಾಡಿಗೂ ಒಂದು ಪಾತ್ರವಿದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸಾಮ್ಯುಯೆಲ್ ಎಜೆಕಿಯೆಲ್ ದಿವೇಕರ್, ನಾಡಿನ ಹೆಸರಿನಿಂದ ಸಾಮಾಜಿ ಹಸಾಜಿ ದಿವೇಕರ್, ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾದರು. ಬಂದವರು ಬೆನೆ ಇಸ್ರಾಯೇಲರೆಂದು ತಿಳಿದ ಟಿಪ್ಪುವಿನ ತಾಯಿ, ಕುರಾನಿನಲ್ಲಿ ಉಲ್ಲೇಖಗೊಂಡ ಆ ಜನರನ್ನು ಕಣ್ಣಾರೆ ಕಂಡುದೇ ಭಾಗ್ಯವೆಂದು ಭಾವಿಸಿ ಅವರ ಪ್ರಾಣ ಉಳಿಸಿದರೆಂದು ಸಮುದಾಯದ ಐತಿಹ್ಯ ಹೇಳುತ್ತದೆ. ಬಿಡುಗಡೆಯಾದ ದಿವೇಕರರು ೧೭೯೬ರಲ್ಲಿ ಮುಂಬಯಿಯಲ್ಲಿ ‘ಶಾರ್ ಹರಹಮೀಮ್’ ಎಂಬ, ಕರುಣೆಯ ಬಾಗಿಲು ಎಂಬ ಅರ್ಥದ, ತಮ್ಮ ಜನರ ಮೊದಲ ಸಭಾಮಂದಿರವನ್ನು ಕಟ್ಟಿಸಿದರು. ಅದಕ್ಕಾಗಿ ತೋರಾದ ಸುರುಳಿಗಳನ್ನು ತರಲು ಕೊಚ್ಚಿಗೆ ಹೋದ ಅವರು ಅಲ್ಲಿಯೇ ತೀರಿಕೊಂಡರೆಂದು ಪರಂಪರೆ ತಿಳಿಸುತ್ತದೆ. ಓದುವ ಮನೆ ಮೊದಲು ಸಿದ್ಧವಾಗಿ, ಓದಬೇಕಾದ ಗ್ರಂಥ ಅನಂತರ ಬಂದ ಈ ಕ್ರಮವು ನಾವು ಹೇಳಹೊರಟಿರುವ ಇಡೀ ಚರಿತ್ರೆಗೆ ಅನುಗುಣವಾಗಿದೆ.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕೊಚ್ಚಿಯಿಂದ ಬಂದ ಯೆಹೂದ್ಯ ಉಪಾಧ್ಯಾಯರು ಪ್ರಾರ್ಥನೆಯ ಕ್ರಮವನ್ನು ಕಲಿಸಿದರು. ಕ್ರೈಸ್ತ ಮಿಷನರಿ ಜಾನ್ ವಿಲ್ಸನ್ ೧೮೩೨ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನು ರಚಿಸಿದರು. ಮತಾಂತರದ ಉದ್ದೇಶದಿಂದ ಕಲಿಸಿದ ಭಾಷೆ ಸ್ವಮತದ ದೃಢೀಕರಣಕ್ಕೆ ನೆರವಾಯಿತು. ೧೮೪೬ರಲ್ಲಿ ಪಸ್ಕದ ರಾತ್ರಿ ಓದುವ ‘ಹಗ್ಗಾದಾ’ ಮರಾಠಿ ಅನುವಾದದೊಡನೆ ಮುಂಬಯಿಯಲ್ಲಿ ಕಲ್ಲಚ್ಚಿನಲ್ಲಿ ಹೊರಬಂದಿತು; ೧೮೭೪ರಲ್ಲಿ ಪುಣೆಯಲ್ಲಿ ಸಚಿತ್ರ ಆವೃತ್ತಿ ಪ್ರಕಟವಾಯಿತು. ಜೋಸೆಫ್ ಎಜೆಕಿಯೆಲ್ ರಾಜಪುರ್ಕರ್ ಅವರು ಪ್ರಾರ್ಥನಾಗ್ರಂಥಗಳನ್ನು ಮರಾಠಿಗೆ ತಂದರು. ಹೀಗೆ ಎರಡು–ಮೂರು ತಲೆಮಾರುಗಳಲ್ಲಿ ಪಾರಾಶಾಗಳ ವರ್ಷವು ಶನಿವಾರಗಳಿಗೆ ಮರಳಿ ಬಂದಿತು.

ಸಾಹಿತ್ಯವಿಮರ್ಶೆಯ ದೃಷ್ಟಿಯಿಂದ ಅತ್ಯಂತ ಮಹತ್ವದ ಸಂಗತಿ ಇದರ ಮುಂದಿನದು. ಹೀಬ್ರೂ ಓದನ್ನು ಸಭೆ ಕೇಳುತ್ತಿತ್ತು; ಅರ್ಥ ಬಲ್ಲವರು ಕಡಿಮೆ. ಪ್ರಾಚೀನ ಸಭೆಯಲ್ಲಿ ಅರಮಾಯಿಕದಲ್ಲಿ ಅರ್ಥ ಹೇಳುತ್ತಿದ್ದವನ ಸ್ಥಾನ ಇಲ್ಲಿ ತೆರವಾಗಿತ್ತು. ಅದನ್ನು ತುಂಬಿದುದು ಮರಾಠಿ ಕೀರ್ತನ. ೧೮೮೦ರ ಸುಮಾರಿಗೆ ಮುಂಬಯಿಯಲ್ಲಿ ಆರಂಭವಾದ ಬೆನೆ ಇಸ್ರಾಯೇಲರ ಕೀರ್ತನ ಪರಂಪರೆಯಲ್ಲಿ ಬೆಂಜಮಿನ್ ಶಿಮ್ಶೋನ್ ಅಷ್ಟಮ್‌ಕರ್ ಅವರ ಹೆಸರು ಮುಖ್ಯವಾದುದು. ಅಬ್ರಹಾಮ, ಯೋಸೇಫ, ಮೋಶೆಯರ ಚರಿತ್ರೆಗಳನ್ನು ಓವಿ, ಅಭಂಗ, ಸಾಕಿ, ದಿಂಡಿಗಳಲ್ಲಿ ಹಾಡಿ, ನಡುನಡುವೆ ಗದ್ಯದಲ್ಲಿ ವಿವರಿಸುವ ಪದ್ಧತಿ ಇದರಲ್ಲಿದೆ. ಸಾಕಿ, ದಿಂಡಿಗಳು ನಮ್ಮ ಹರಿಕಥೆಯ ದಾಸರಿಗೂ ಮರಾಠಿಯಿಂದಲೇ ಬಂದವೆಂಬುದನ್ನು ನೆನೆದರೆ, ಕನ್ನಡದ ಹರಿಕಥೆಗೂ ಈ ಯೆಹೂದ್ಯ ಕೀರ್ತನಕ್ಕೂ ದಾಯಾದಿ ಸಂಬಂಧವಿದೆಯೆನ್ನಬಹುದು.

ಸುರುಳಿಯ ಓದಿನಲ್ಲಿ ಒಂದಕ್ಷರವೂ ಬದಲಾಗುವಂತಿಲ್ಲ. ಕೀರ್ತನದಲ್ಲಿ ಕಥೆಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ಶ್ರೋತೃಗಳ ಬದುಕಿಗೆ ಹೊಂದಿಸಬಹುದು. ತಾಳಮದ್ದಳೆಯ ಪ್ರಸಂಗಕ್ಕೂ ಅರ್ಥಕ್ಕೂ ಇರುವ ಸಂಬಂಧವೇ ಇದು. ಹೊಸ ಗ್ರಂಥವು ಬಂದಾಗ ಹಳೆಯ ಹೆಸರುಗಳೂ ಆಚರಣೆಗಳೂ ಒಮ್ಮೆಲೇ ಹೊರದೂಡಲ್ಪಡದಿದ್ದುದಕ್ಕೆ ಕೀರ್ತನದಂತಹ ನಡುವಣ ಪ್ರಕಾರವು ಇದ್ದುದೇ ಒಂದು ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ. ಎಲೀಯನ ಹೆಸರಿನಲ್ಲಿ ಅವಲಕ್ಕಿ, ತೆಂಗಿನಕಾಯಿ, ಸಕ್ಕರೆ, ಹಣ್ಣುಗಳನ್ನಿರಿಸಿ ನಡೆಸುವ ‘ಮಲಿದಾ’ ಇಂದಿಗೂ ಉಳಿದುಬಂದಿದೆ.

ಇದಕ್ಕೆ ವ್ಯತಿರಿಕ್ತವಾದ ಒಂದು ಉದಾಹರಣೆ ನಮ್ಮಲ್ಲಿಯೇ ಇದೆ. ಷಟ್ಖಂಡಾಗಮವು ಸಿದ್ಧವಾದ ದಿನವನ್ನು ಜೈನರು ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಅದರ ಧವಳಾಟೀಕೆಯ ಹಳಗನ್ನಡ ಲಿಪಿಯ ತಾಳೆಗರಿಗಳು ಮೂಡಬಿದಿರೆಯಲ್ಲಿ ಬಹುಕಾಲ ಓದಿಗ�ಿಂತ ದರ್ಶನಕ್ಕೇ ಮೀಸಲಾಗಿದ್ದು, ೧೯೩೯ರಿಂದ ಅಚ್ಚಿನಲ್ಲಿ ಬರತೊಡಗಿದುವು. ಅಲ್ಲಿ ಗ್ರಂಥವಿತ್ತು, ಹಬ್ಬವಿತ್ತು, ಓದು ಇರಲಿಲ್ಲ. ಕೊಂಕಣದಲ್ಲಿ ಗ್ರಂಥವಿರಲಿಲ್ಲ, ಓದೂ ಇರಲಿಲ್ಲ, ಹಬ್ಬವಿತ್ತು. ಎರಡೂ ಕಡೆ ಓದು ಮರಳುವವರೆಗೆ ಅದರ ಸ್ಥಾನವನ್ನು ಕಾದಿರಿಸಿದುದು ವರ್ಷಕ್ರಮವೇ.

೬

ಈ ಚರ್ಚೆ ಕೇವಲ ಪಾಂಡಿತ್ಯಕ್ಕೆ ಸಂಬಂಧಿಸಿದುದಲ್ಲ. ‘ಗ್ರಂಥವಿಲ್ಲದವರಲ್ಲಿ ಧರ್ಮವೂ ಅಪೂರ್ಣ’ ಎಂಬ ಮಾನದಂಡವು ಇಪ್ಪತ್ತನೆಯ ಶತಮಾನದಲ್ಲಿ ಈ ಜನರ ಬದುಕಿನ ಮೇಲೆಯೇ ಪ್ರಯೋಗವಾಯಿತು. ೧೯೪೮ರ ಅನಂತರ ಬೆನೆ ಇಸ್ರಾಯೇಲರಲ್ಲಿ ಬಹುಪಾಲು ಜನರು ಇಸ್ರೇಲಿಗೆ ವಲಸೆ ಹೋದರು. ಅಲ್ಲಿ ೧೯೬೨ರಲ್ಲಿ ಧರ್ಮಗುರುಗಳ ಮಂಡಲಿಯು ಇವರ ವಿವಾಹಗಳಿಗೆ ಮೊದಲು ವಂಶಾವಳಿಯನ್ನು ವಿಚಾರಿಸಬೇಕೆಂದು ನಿರ್ದೇಶಿಸಿತು. ಶತಮಾನಗಳ ಕಾಲ ಶಾಸ್ತ್ರಗ್ರಂಥಗಳ ಅರಿವಿಲ್ಲದಿದ್ದವರು ವಿವಾಹ–ವಿಚ್ಛೇದನಗಳ ವಿಧಿಗಳನ್ನು ಪಾಲಿಸಿರಲಾರರೆಂಬ ಸಂದೇಹವೇ ಅದಕ್ಕೆ ಮೂಲ. ಪ್ರತಿಭಟನೆಗಳು ನಡೆದು, ೧೯೬೪ರಲ್ಲಿ ಅಲ್ಲಿನ ಸಂಸತ್ತು ಇವರು ಎಲ್ಲ ದೃಷ್ಟಿಯಿಂದಲೂ ಯೆಹೂದ್ಯರೇ ಎಂದು ಘೋಷಿಸಿದ ಮೇಲೆ ಆ ನಿರ್ದೇಶವು ಹಿಂದೆ ಸರಿಯಿತು. ಮಡಕೆಯ ಬಾಯಿ ಮುಚ್ಚಿದವರ ನೆನಪನ್ನು ಓದೆಂದು ಪರಿಗಣಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ಇಷ್ಟು ದೊಡ್ಡ ಬೆಲೆಯಿತ್ತು.

ಭಾರತದಲ್ಲಿ ಉಳಿದವರ ಸಂಖ್ಯೆ ಈಗ ಕೆಲವೇ ಸಾವಿರ. ಅವರಲ್ಲಿ ಹೆಚ್ಚಿನವರು ಮುಂಬಯಿ ಮತ್ತು ಠಾಣೆಗಳಲ್ಲಿದ್ದಾರೆ. ೨೦೧೬ರಲ್ಲಿ ಮಹಾರಾಷ್ಟ್ರ ಸರ್ಕಾರ ಯೆಹೂದ್ಯರಿಗೆ ಅಲ್ಪಸಂಖ್ಯಾತರ ಸ್ಥಾನ ನೀಡಿತು. ಕುರ್ಲಾದಂತಹ ಉಪನಗರಗಳ ಚಿಕ್ಕ ಸಭೆಗಳಿಗೆ ಶನಿವಾರದ ಮೊದಲ ಪ್ರಶ್ನೆ ಯಾವ ಪಾರಾಶಾ ಎಂಬುದಲ್ಲ. ಹತ್ತು ಮಂದಿ ಕೂಡುವರೇ ಎಂಬುದು. ಆ ಸಂಖ್ಯೆ ಕೂಡದ ದಿನ ಸುರುಳಿಯ ಓದು ನಿಲ್ಲುತ್ತದೆ. ಆದರೆ ಮನೆಯ ಹಬ್ಬಕ್ಕೆ ಹತ್ತು ಮಂದಿ ಬೇಕಾಗಿಲ್ಲ. ಕೊಂಕಣದ ಹಳೆಯ ವರ್ಷವು ಮುಖ್ಯವಾಗಿ ಅಡಿಗೆಮನೆಯಲ್ಲಿ, ಹೆಂಗಸರ ಕೈಯಲ್ಲಿ ನಡೆಯುತ್ತಿದ್ದುದರಿಂದಲೇ ಅದು ಹಲವು ಶತಮಾನ ಬಾಳಿತು. ಸಭಾಮಂದಿರದ ವರ್ಷವು ಮನೆಯ ವರ್ಷವನ್ನು ಸಂಪೂರ್ಣವಾಗಿ ನುಂಗಿದ್ದರೆ, ಸಭೆ ಕ್ಷೀಣಿಸಿದಂದು ಉಳಿಯುವುದು ಏನೂ ಇರುತ್ತಿರಲಿಲ್ಲ.

ಹಾಗೆಂದು ಹಬ್ಬವೊಂದೇ ಸಾಕು, ಓದು ಬೇಡವೆಂಬುದು ನಮ್ಮ ವಾದವಲ್ಲ. ಕೊಚ್ಚಿಯ ಉಪಾಧ್ಯಾಯರು, ಮರಾಠಿಯ ವ್ಯಾಕರಣ, ಅನುವಾದ, ಕೀರ್ತನಗಳು ಬಾರದಿದ್ದರೆ ಬಿರಡ್ಯಾಚಾ ರೋಜಾ ಯಾವ ನಾಶದ ನೆನಪೆಂಬುದು ಯಾರಿಗೂ ತಿಳಿಯದೆ, ಕ್ರಮೇಣ ಅವರೆಕಾಳಿನ ಅಡಿಗೆ ಮಾತ್ರ ಉಳಿಯುವ ಸಂಭವವಿತ್ತು. ವರ್ಷಕ್ರಮವು ಗ್ರಂಥದ ಸ್ಥಾನವನ್ನು ಕಾದಿರಿಸುತ್ತದೆ. ಗ್ರಂಥವನ್ನು ತಾನೇ ಬರೆಯಲಾರದು. ಕಾದಿರಿಸಿದ ಸ್ಥಾನಕ್ಕೆ ಓದನ್ನು ಮರಳಿ ತರುವ ಕೆಲಸ ಪ್ರತಿ ತಲೆಮಾರಿಗೂ ಬೇರೆಯಾಗಿಯೇ ಇರುತ್ತದೆ.

ಕುರ್ಲಾದ ಹಳಿಯ ಈಚೆಗಿನ ನಮ್ಮವರಿಗೂ ಇದರಲ್ಲಿ ಒಂದು ಪಾಠವಿದೆಯೆಂದು ಹೇಳಿ ಈ ಪ್ರಬಂಧವನ್ನು ಮುಗಿಸಬಹುದು. ಮುಂಬಯಿಯ ಕನ್ನಡ–ತುಳು ಕುಟುಂಬಗಳ ಮೂರನೆಯ ತಲೆಮಾರಿನಲ್ಲಿ ಕನ್ನಡ ಲಿಪಿಯನ್ನು ಓದಬಲ್ಲವರು ವಿರಳರಾಗುತ್ತಿದ್ದಾರೆ. ಆದರೆ ಆಟಿಯ ತಿನಿಸು, ಹೊಸಕ್ಕಿಯ ಊಟ, ಚೌತಿಯ ಕಬ್ಬು ಇನ್ನೂ ಮನೆಗಳಲ್ಲಿವೆ. ಇವನ್ನು ಭಾಷೆ ಹೋದ ಮೇಲೆ ಉಳಿದ ಶೇಷಗಳೆಂದು ವಿದ್ವಾಂಸರು ತಳ್ಳಿಹಾಕುವುದು ಸುಲಭ. ಬೆನೆ ಇಸ್ರಾಯೇಲರ ನಿದರ್ಶನವು ಹಾಗೆ ಮಾಡಬಾರದೆಂದು ಎಚ್ಚರಿಸುತ್ತದೆ. ಹೊರನಾಡಿನ ಕನ್ನಡಿಗರು ಹಬ್ಬಗಳಿಗೆ ಯಾವ ಹೆಸರುಗಳನ್ನು ಬಳಸುತ್ತಾರೆ, ಅವುಗಳಲ್ಲಿ ನೆರೆಯ ಮರಾಠಿ, ಗುಜರಾತಿ, ಹಿಂದಿಗಳಿಂದ ಬಂದವು ಯಾವುವು, ಯಾವ ದಿನ ಯಾವ ಕಥೆಯನ್ನು ಯಾರು ಹೇಳುತ್ತಾರೆ ಎಂಬುದನ್ನು ಕೇಹಿಮ್‌ಕರರಂತೆ ಮನೆಮನೆಯಿಂದ ಸಂಗ್ರಹಿಸುವ ಕೆಲಸ ಕನ್ನಡ ಅಧ್ಯಯನಪೀಠಗಳ ಮುಂದಿದೆ. ಅದನ್ನು ಹಿರಿಯ ತಲೆಮಾರಿನ ಹೆಂಗಸರು ಇರುವಾಗಲೇ ಮಾಡಬೇಕು. ಪಬ್ಬವು ಹಬ್ಬವಾದಾಗ ಪರ್ವದ ಅರ್ಥ ಅಳಿಯಲಿಲ್ಲ. ಆದರೆ ಅದನ್ನು ತಿಳಿಸಿಕೊಡಲು ನಿಘಂಟೊಂದು ಬೇಕಾಯಿತು.